ರೇಷ್ಮೆ ಹುಳದ ಮನೆಯಲ್ಲಿ ಹಚ್ಚದ ಬೀಡಿಯನ್ನು ಹೋಟೆಲಿನಲ್ಲಿ ಏಕೆ ಹಚ್ಚಬೇಕು?

ಪ್ರಶ್ನೆ: ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಮೂರು ಕಡೆ ಗೋಡೆ, ಮುಂದೆ ತಗಡಿನ ಶೀಟು, ನಾಲ್ಕು ಟೇಬಲ್, ಶೀಟಿನ ಕೆಳಗೆ ಎರಡು ಬೆಂಚು. ಬರುವವರು ರೇಷ್ಮೆ ಗೂಡು ಮಾರಲು ಹೋಗುವ ರೈತರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು, ಕೂಲಿಯವರು. ಟೀ ಕುಡಿದ ಮೇಲೆ ಬೀಡಿಯೋ ಸಿಗರೇಟೋ ಹಚ್ಚುತ್ತಾರೆ. ಹೆಂಡತಿ ಒಳಗೆ ಒಲೆ ಮುಂದೆ ಇರುತ್ತಾಳೆ. ನಾಲ್ಕು ವರ್ಷದ ಮಗಳು ಅಂಗನವಾಡಿಯಿಂದ ಬಂದ ಮೇಲೆ ಗಲ್ಲಾ ಪಕ್ಕದಲ್ಲೇ ಆಡಿಕೊಂಡಿರುತ್ತಾಳೆ, ಅವಳಿಗೆ ರಾತ್ರಿ ಹೊತ್ತು ಕೆಮ್ಮು. ನಮ್ಮ ತಂದೆಯೇ ಬೆಳಿಗ್ಗೆ ಗೆಳೆಯರ ಜೊತೆ ಬೆಂಚಿನ ಮೇಲೆ ಕೂತು ಸೇದುತ್ತಾರೆ. ಬೋರ್ಡು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ತಂದೆಗೆ ಹೇಳಿದರೆ ಮನೆಯಲ್ಲಿ ಮಾತೇ ನಿಲ್ಲುತ್ತದೆ. ಇಷ್ಟು ಚಿಕ್ಕ ಹೋಟೆಲಿಗೂ ಕಾನೂನು ಇದೆಯಾ? ನಾನು ಏನು ಮಾಡಲಿ?

ಉತ್ತರ: ಮೊದಲು ಮಗಳ ಕೆಮ್ಮಿನ ಮಾತು. ಅದು ಬೀಡಿ ಹೊಗೆಯಿಂದಲೇ ಬಂದಿದೆ ಎಂದು ಪತ್ರ ನೋಡಿ ಹೇಳಲಾಗದು. ರಾತ್ರಿ ಕೆಮ್ಮಿಗೆ ಅಸ್ತಮಾ ಕಾರಣವಿರಬಹುದು, ಅಲರ್ಜಿ ಇರಬಹುದು, ನಿಮ್ಮದು ಸೌದೆ ಒಲೆಯಾದರೆ ಆ ಹೊಗೆಯ ಪಾಲೂ ಇರಬಹುದು. ಎರಡು ವಾರ ದಾಟಿದ ಕೆಮ್ಮು, ಜೊತೆಗೆ ಜ್ವರ ಇದ್ದರೆ ಅಥವಾ ಮಗುವಿನ ತೂಕ ಏರದಿದ್ದರೆ ಕ್ಷಯದ ಪರೀಕ್ಷೆಯೂ ಆಗಬೇಕು. ಈ ವಾರವೇ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಮಗು ದಿನಕ್ಕೆ ಎಷ್ಟು ಹೊತ್ತು ಹೊಗೆಯ ನಡುವೆ ಇರುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ. ಕಾರಣ ಯಾವುದೇ ಆಗಿರಲಿ, ಆ ಶ್ವಾಸನಾಳಕ್ಕೆ ತಂಬಾಕಿನ ಹೊಗೆ ಸೇರಿದರೆ ಕೆಮ್ಮು ಬೇಗ ವಾಸಿಯಾಗುವುದಿಲ್ಲ. ಪಕ್ಕದವರ ಹೊಗೆ ಕುಡಿಯುವ ಮಕ್ಕಳಿಗೆ ಅಸ್ತಮಾ ಕೆರಳುತ್ತದೆ, ಕಿವಿ ಸೋಂಕು, ಶ್ವಾಸಕೋಶದ ಸೋಂಕು ಹೆಚ್ಚುತ್ತವೆ. ಇದರಲ್ಲಿ ವೈದ್ಯಲೋಕಕ್ಕೆ ಅನುಮಾನ ಉಳಿದಿಲ್ಲ.

ಮುಂದುಗಡೆ ತೆರೆದೇ ಇದೆಯಲ್ಲ, ಗಾಳಿಗೆ ಹೋಗುತ್ತದೆ ಎಂದು ಅನೇಕರು ಹೇಳುತ್ತಾರೆ. ತಗಡಿನ ಶೀಟಿನ ಕೆಳಗೆ ಬಿಟ್ಟ ಹೊಗೆ ಮೊದಲು ಶೀಟಿಗೆ ತಾಗಿ, ಆಮೇಲೆ ಗಾಳಿ ಬೀಸಿದ ಕಡೆಗೆ ತಿರುಗುತ್ತದೆ. ಗಾಳಿ ರಸ್ತೆ ಕಡೆಯಿಂದ ಬಂದರೆ ಅದು ಸೀದಾ ಒಲೆಯ ಮುಂದೆ ನಿಂತಿರುವ ನಿಮ್ಮ ಹೆಂಡತಿಯ ಮುಖಕ್ಕೆ. ಫ್ಯಾನು ಹಾಕಿದರೆ ಹೊಗೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಸೇದುವವರು ಎಳೆದು ಬಿಡುವ ಹೊಗೆಗಿಂತ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯ ಹೊಗೆಯೇ ಪಕ್ಕದವರಿಗೆ ಹೆಚ್ಚು ಸೇರುತ್ತದೆ. ಅದರಲ್ಲಿ ವಿಷವೂ ಹೆಚ್ಚು. ಬೀಡಿ ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಆರಿಹೋಗದಿರಲಿ ಎಂದು ಅದನ್ನು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಹಾಗಾಗಿ ಟಾರ್, ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋಗುವುದು ಸಿಗರೇಟಿಗಿಂತ ಕಡಿಮೆಯೇನಲ್ಲ, ಬಹಳ ಸಲ ಹೆಚ್ಚೇ.

ನಿಮ್ಮ ಹೆಂಡತಿಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಮಗುವಿನಷ್ಟೇ ಅವರ ಚಿಂತೆಯೂ ಇದೆ. ಮಗು ಸಂಜೆ ಕೆಲವು ಗಂಟೆ ಇರುತ್ತದೆ, ಅವರು ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ. ಸೇದದವರು ವರ್ಷಗಟ್ಟಲೆ ಇನ್ನೊಬ್ಬರ ಹೊಗೆಯಲ್ಲಿದ್ದರೆ ಹೃದಯದ ಕಾಯಿಲೆಯ ಸಾಧ್ಯತೆ ಶೇ 25ರಿಂದ 30ರಷ್ಟು ಹೆಚ್ಚುತ್ತದೆ, ಶ್ವಾಸಕೋಶದ ಕ್ಯಾನ್ಸರ್‌ನದು ಶೇ 20ರಿಂದ 30ರಷ್ಟು. ನಮ್ಮ ದೇಶದಲ್ಲಿ 2016–17ರ ವಯಸ್ಕರ ತಂಬಾಕು ಸಮೀಕ್ಷೆ ನೋಡಿದಾಗ ಸೇದುವ ಗಂಡಸರು ಶೇ 19, ಹೆಂಗಸರು ಶೇ 2. ಹಾಗಿದ್ದೂ ಮನೆಯೊಳಗೆ ಹೊಗೆಗೆ ಸಿಕ್ಕುವವರು ವಯಸ್ಕರಲ್ಲಿ ಶೇ 38.7. ಸೇದುವವರು ಒಬ್ಬರು, ಕುಡಿಯುವವರು ಮನೆಮಂದಿಯೆಲ್ಲ.

ಇನ್ನು ಕಾನೂನು. ಹೌದು, ನಿಮ್ಮ ಹೋಟೆಲಿಗೂ ಅನ್ವಯಿಸುತ್ತದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಜನ ಸಾಮಾನ್ಯವಾಗಿ ಕೋಟ್ಪಾ ಎನ್ನುವುದು, ಹೋಟೆಲು, ಉಪಾಹಾರ ಗೃಹಗಳನ್ನು ಸಾರ್ವಜನಿಕ ಸ್ಥಳ ಎಂದೇ ಹೆಸರಿಸಿದೆ. ಅದರ ನಿಯಮಗಳು 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ದೇಶದಾದ್ಯಂತ ಜಾರಿಗೆ ಬಂದವು. ನಾಲ್ಕು ಟೇಬಲ್ಲಿನ ಹೋಟೆಲ್ ಎಂದು ಅದರಲ್ಲಿ ವಿನಾಯಿತಿ ಇಲ್ಲ. ಸೇದಲು ಪ್ರತ್ಯೇಕ ಕೋಣೆ ಮಾಡಿಕೊಳ್ಳುವ ಅವಕಾಶ 30 ಅಥವಾ ಹೆಚ್ಚು ಆಸನಗಳಿರುವ ರೆಸ್ಟೋರೆಂಟಿಗೆ, 30 ಕೋಣೆಗಳ ಹೋಟೆಲಿಗೆ, ವಿಮಾನ ನಿಲ್ದಾಣಕ್ಕೆ ಮಾತ್ರ. ಬಯಲು ಜಾಗಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ ನಿಜ. ಆದರೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣದಂಥ ಜನ ಸೇರುವ ಜಾಗಗಳನ್ನು ಬಯಲು ಎಂದು ಎಣಿಸುವಂತಿಲ್ಲ ಎಂದು 2008ರ ನಿಯಮಗಳೇ ಹೇಳುತ್ತವೆ. ನಿಮ್ಮ ಗಿರಾಕಿಗಳು ಕೂತು ಟೀ ಕುಡಿಯುವ ಶೀಟಿನ ಕೆಳಗಿನ ಬೆಂಚನ್ನು ಹೋಟೆಲಿನ ಭಾಗ ಎಂದೇ ತಿಳಿದುಕೊಳ್ಳಿ.

ಕೇಂದ್ರದ ಕಾಯ್ದೆಯಲ್ಲಿ ದಂಡ 200 ರೂಪಾಯಿವರೆಗೆ ಇತ್ತು. ಕರ್ನಾಟಕ 2024ರಲ್ಲಿ ಮಾಡಿದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಅದು 1,000 ರೂಪಾಯಿವರೆಗೆ ಏರಿದೆ. ಸೇದುವುದಷ್ಟೇ ಅಲ್ಲ, ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಅಗಿದು ಉಗಿಯುವುದೂ ಈಗ ಅದರಡಿ ಬರುತ್ತದೆ. ಗಲ್ಲಾದಲ್ಲಿ ನೀವೇ ಸಿಗರೇಟು ಮಾರುತ್ತಿದ್ದರೆ ಇದನ್ನೂ ತಿಳಿದಿರಿ: ಪ್ಯಾಕು ಒಡೆದು ಬಿಡಿಯಾಗಿ ಮಾರುವಂತಿಲ್ಲ, 21 ತುಂಬದವರಿಗೆ ಕೊಡುವಂತಿಲ್ಲ, ಶಾಲಾ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ.

ಮಾಲೀಕರಾಗಿ ನಿಮ್ಮ ಹೊಣೆ ದೊಡ್ಡದೇ. ಬಾಗಿಲ ಬಳಿ ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬಿಳಿ ಫಲಕ ಇರಬೇಕು. ಅದರಲ್ಲಿ ಕೆಂಪು ವೃತ್ತದೊಳಗೆ ಅಡ್ಡಗೆರೆ ಎಳೆದ ಸಿಗರೇಟು ಅಥವಾ ಬೀಡಿಯ ಚಿತ್ರ, ಇಲ್ಲಿ ಧೂಮಪಾನ ಅಪರಾಧ ಎಂಬ ಬರಹ, ದೂರು ಹೇಳಬೇಕಾದವರ ಹೆಸರು, ಫೋನ್ ನಂಬರು ಇರಬೇಕು. ಬೂದಿ ತಟ್ಟೆ, ಬೆಂಕಿಪೊಟ್ಟಣ, ಲೈಟರು ಗಿರಾಕಿಗೆ ಒದಗಿಸಬಾರದು. ದೂರು ಬಂದರೂ ಸುಮ್ಮನಿದ್ದರೆ ಎಷ್ಟು ಜನ ಸೇದಿದರೋ ಅಷ್ಟು ಜನರ ದಂಡ ಮಾಲೀಕರ ತಲೆಗೆ ಬರಬಹುದು. ಫಲಕದಲ್ಲಿ ಚಿತ್ರ ದೊಡ್ಡದಾಗಿರಲಿ. ನಿಮ್ಮ ಗಿರಾಕಿಗಳಲ್ಲಿ ಓದು ಬಾರದವರಿದ್ದಾರೆ, ಮನೆಯಲ್ಲಿ ತೆಲುಗು, ಉರ್ದು ಮಾತಾಡುವವರಿದ್ದಾರೆ.

ಆದರೆ ನಿಮ್ಮನ್ನು ತಡೆಯುತ್ತಿರುವುದು ಕಾನೂನಿನ ಅಜ್ಞಾನವಲ್ಲ, ದಾಕ್ಷಿಣ್ಯ. ದೊಡ್ಡವರಿಗೆ, ಗಿರಾಕಿಗೆ, ಹೆತ್ತ ತಂದೆಗೆ ಸೇದಬೇಡಿ ಎನ್ನುವುದು ಹೇಗೆ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ. ಹಾಗಾಗಿ ಇದನ್ನೇ ಸ್ವಲ್ಪ ನಿಧಾನವಾಗಿ ಬಿಡಿಸುತ್ತೇನೆ.

ಸೇದುವುದಕ್ಕೆ ಕಟ್ಟುಪಾಡು ಹಾಕುವುದು ಡೆಲ್ಲಿಯಿಂದಲೋ ಬೆಂಗಳೂರಿನಿಂದಲೋ ಬಂದ ಹೊಸ ಪದ್ಧತಿ ಎಂದು ನಾನು ಒಪ್ಪುವುದಿಲ್ಲ. ನಿಮ್ಮ ಊರಿನಲ್ಲಿ ರೇಷ್ಮೆ ಹುಳ ಸಾಕುವ ಹುಳದ ಮನೆಗಳನ್ನೇ ನೋಡಿ. ಎಂಥ ಬೀಡಿ ಚಟದವರೂ ಹುಳದ ಮನೆಯೊಳಗೆ ಬೀಡಿ ಹಚ್ಚುವುದಿಲ್ಲ. ಬಾಗಿಲಲ್ಲಿ ಕಾಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಮೆಟ್ಟಿಕೊಂಡು, ಕೈ ತೊಳೆದುಕೊಂಡು ಒಳಗೆ ಹೋಗುತ್ತಾರೆ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ಹಾಕಬಾರದು ಎಂಬುದು ರೇಷ್ಮೆ ರೈತರಿಗೆ ಗೊತ್ತಿರುವ ಪಾಠ. ನಿಕೋಟಿನ್ ತಾಗಿದ ಸೊಪ್ಪು ತಿಂದ ಹುಳ ವಾಂತಿ ಮಾಡಿಕೊಂಡು, ಮೈ ಕುಗ್ಗಿ ಸಾಯುತ್ತದೆ. ಒಂದು ಬೆಳೆ ಹಾಳಾದರೆ ತಿಂಗಳ ದುಡಿಮೆ ಹೋಯಿತು. ಅದಕ್ಕಾಗಿ ಯಾರೂ ಬೋರ್ಡು ಹಾಕಿಲ್ಲ, ಪೊಲೀಸರು ಬಂದಿಲ್ಲ. ಅಣ್ಣ, ಹುಳ ನಾಲ್ಕನೇ ಜ್ವರದಲ್ಲಿದೆ (ಪೊರೆ ಕಳಚುವ ಹಂತ), ಬೀಡಿ ಆಚೆ ಸೇದು ಎಂದು ಮನೆಯ ಚಿಕ್ಕ ಸೊಸೆ ಹೇಳಿದರೂ ದೊಡ್ಡವರು ಬೇಸರ ಮಾಡಿಕೊಳ್ಳದೆ ಎದ್ದು ಹೋಗುತ್ತಾರೆ. ಮಾತು ಹೇಳಿದವರು ಚಿಕ್ಕವರೋ ದೊಡ್ಡವರೋ ಎಂಬುದು ಅಲ್ಲಿ ಬರುವುದೇ ಇಲ್ಲ, ಹುಳಕ್ಕೆ ಆಗುವುದಿಲ್ಲ ಎಂಬುದಷ್ಟೇ ಸಾಕು.

ಇನ್ನೊಂದು ಕಟ್ಟುಪಾಡು ಇದೆ. ನಲವತ್ತು ದಾಟಿದ ಮಗ ಅಪ್ಪ ಬರುವುದನ್ನು ಕಂಡರೆ ಬೀಡಿಯನ್ನು ಅಂಗೈಯೊಳಗೆ ಮುಚ್ಚಿಕೊಳ್ಳುತ್ತಾನೆ. ಮಾವ ಎದುರಾದರೆ ಬಿಸಾಡುತ್ತಾನೆ. ದೇವಸ್ಥಾನದ ಒಳಗೆ, ಮದುವೆಯ ಧಾರೆ ಮಂಟಪದ ಹತ್ತಿರ, ಊರ ಯಜಮಾನರ ಎದುರು ಹಚ್ಚುವುದಿಲ್ಲ. ಇದೆಲ್ಲ ಮರ್ಯಾದೆ, ಒಳ್ಳೆಯದೇ. ಆದರೆ ಈ ಮರ್ಯಾದೆ ಯಾವ ಕಡೆಗೆ ಹರಿಯುತ್ತಿದೆ ನೋಡಿ. ಮೇಲಿನವರ ಕಡೆಗೆ ಮಾತ್ರ. ಎಪ್ಪತ್ತರ ಅಪ್ಪನಿಂದ ಮರೆಮಾಡುವ ಬೀಡಿಯನ್ನು ನಾಲ್ಕರ ಮಗುವಿನ ಪಕ್ಕ ಕೂತು ಸೇದುತ್ತೇವೆ. ಹೊಗೆಯಿಂದ ಹೆಚ್ಚು ಪೆಟ್ಟಾಗುವುದು ಆ ಪುಟ್ಟ ಶ್ವಾಸಕೋಶಕ್ಕೆ. ಟೇಬಲ್ ಒರೆಸುವ ಹುಡುಗ, ಪಾತ್ರೆ ತೊಳೆಯುವ ಹೆಂಗಸು, ಕೂಲಿಗೆ ಬಂದ ಬಸುರಿ, ಇವರ ಮುಂದೆ ಸೇದಬಾರದು ಎಂಬ ಸಂಕೋಚ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಬೆಳೆಯಬೇಕಾದದ್ದು ಅದು. ಅದಕ್ಕೆ ಹೊಸ ಸಂಸ್ಕಾರವೇನೂ ಬೇಡ, ಹುಳಕ್ಕೆ ತೋರಿಸುವ ಕಾಳಜಿಯನ್ನು ಮಗುವಿಗೂ, ಕೆಲಸದವರಿಗೂ ತೋರಿಸಿದರೆ ಆಯಿತು.

ಇದು ಆಗುವ ಮಾತೇ ಎಂದು ನಿಮಗನ್ನಿಸಬಹುದು. ಐವತ್ತು ದಾಟಿದ ಯಾರನ್ನಾದರೂ ಕೇಳಿ. ಹಿಂದೆ ಬಸ್ಸಿನಲ್ಲಿ ಧೂಮಪಾನ ನಿಷೇಧಿಸಿದೆ ಎಂಬ ಬರಹದ ಕೆಳಗೇ ಕೂತು ಸೇದುತ್ತಿದ್ದರು, ಟಾಕೀಸಿನಲ್ಲಿ ಪರದೆಗೆ ಬೀಳುವ ಬೆಳಕಿನಲ್ಲಿ ಹೊಗೆ ಸುತ್ತುತ್ತಿತ್ತು. ಈಗ ಚಿಂತಾಮಣಿ ಬಸ್ಸಿನಲ್ಲಿ ಒಬ್ಬ ಬೀಡಿ ಹಚ್ಚಲಿ, ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನವರು ಗದರುತ್ತಾರೆ. ಇದೇನೂ ದಂಡದಿಂದಲೇ ಆದದ್ದಲ್ಲ, ನಡುವೆ ಅನೇಕ ಸಣ್ಣ ಸಣ್ಣ ಹೋರಾಟಗಳಿವೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಕಾನೂನುಬಾಹಿರ ಎಂದು ಕೇರಳ ಹೈಕೋರ್ಟ್ 1999ರಲ್ಲೇ ಹೇಳಿತು. ಮುಂಬೈನ ರಾಜಕಾರಣಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆಸ್ಪತ್ರೆ, ಶಾಲೆ, ಗ್ರಂಥಾಲಯ, ಬಸ್ಸು, ರೈಲುಗಳಲ್ಲಿ ಸೇದುವುದನ್ನು ತಡೆಯಿರಿ ಎಂದು ಸರ್ಕಾರಗಳಿಗೆ ಆದೇಶಿಸಿತು. 2003ರ ಕಾಯ್ದೆ ಬಂದದ್ದು ಆಮೇಲೆ. ಜನರ ಮನಸ್ಸು ಮೊದಲು ಬದಲಾಗುತ್ತದೋ ಕಾನೂನು ಮೊದಲೋ ಎಂದು ಕೇಳಿದರೆ, ಎರಡೂ ಒಂದನ್ನೊಂದು ಎಳೆದುಕೊಂಡೇ ಬಂದಿವೆ.

ಗಿರಾಕಿ ಹೋಗುತ್ತಾರೆ ಎಂಬ ಭಯಕ್ಕೆ ಬರುತ್ತೇನೆ. ನಿಮ್ಮ ಬೆಂಚನ್ನು ನೋಡಿದರೆ ಊರೆಲ್ಲ ಸೇದುತ್ತದೆ ಎನಿಸುತ್ತದೆ. 2016–17ರ ಅದೇ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8 ಮಾತ್ರ. ಸೇದುವವರು ಬೆಂಚಿನ ಮೇಲೆ ಹೆಚ್ಚು ಹೊತ್ತು ಕೂರುತ್ತಾರೆ, ಅದಕ್ಕೇ ಹೆಚ್ಚಾಗಿ ಕಾಣುತ್ತಾರೆ. ಸೇದದವರು ಟೀ ಕುಡಿದು ಎದ್ದು ಹೋಗುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಸಂತೆಗೆ, ಆಸ್ಪತ್ರೆಗೆ, ತವರಿಗೆ ಹೋಗುವ ಹೆಂಗಸರು ನಿಮ್ಮ ಹೋಟೆಲಿನೊಳಗೆ ಕೂತು ತಿನ್ನುತ್ತಾರಾ, ಪಾರ್ಸಲ್ ಕಟ್ಟಿಸಿಕೊಂಡು ಮರದ ಕೆಳಗೆ ನಿಲ್ಲುತ್ತಾರಾ? ಹೊಗೆ ತುಂಬಿದ ಹೋಟೆಲು ಗಂಡಸರ ಅಡ್ಡಾ ಆಗಿಬಿಡುತ್ತದೆ. ಅದು ಹೋದರೆ ಮಕ್ಕಳ ಕೈ ಹಿಡಿದು ಒಳಗೆ ಬರುವವರು ಬರುತ್ತಾರೆ, ಅವರು ಬರೀ ಟೀ ಕುಡಿದು ಹೋಗುವವರಲ್ಲ, ಊಟ ತಿಂಡಿ ಮಾಡುವವರು. ಐರ್ಲೆಂಡ್ ದೇಶ 2004ರ ಮಾರ್ಚ್ 29ರಂದು ಹೋಟೆಲು, ಪಬ್ಬು ಸೇರಿ ಎಲ್ಲ ಕೆಲಸದ ಜಾಗಗಳಲ್ಲಿ ಸೇದುವುದನ್ನು ನಿಲ್ಲಿಸಿದಾಗ ಅಲ್ಲಿನ ಮಾಲೀಕರದೂ ಇದೇ ಭಯ. ಇಂಥ ನಿಷೇಧಗಳ ನಂತರ ಹೋಟೆಲುಗಳ ಲೆಕ್ಕಪತ್ರ ನೋಡಿ ಬೇರೆ ಬೇರೆ ದೇಶಗಳಲ್ಲಿ ಮಾಡಿದ ಒಳ್ಳೆಯ ಅಧ್ಯಯನಗಳಲ್ಲಿ ವ್ಯಾಪಾರ ಕುಸಿದದ್ದು ಕಾಣಲಿಲ್ಲ. ಕಂಡದ್ದು ಬೇರೆ: ಸ್ಕಾಟ್ಲೆಂಡಿನಲ್ಲಿ 2006ರ ನಿಷೇಧದ ನಂತರ ಒಂಬತ್ತು ಆಸ್ಪತ್ರೆಗಳಲ್ಲಿ ಎಣಿಸಿದಾಗ ಹೃದಯಾಘಾತದಂಥ ತುರ್ತಿಗೆ ಸೇರುವವರು ಶೇ 17ರಷ್ಟು ಕಡಿಮೆಯಾಗಿದ್ದರು. ಆ ಇಳಿಕೆಯಲ್ಲಿ ಹೆಚ್ಚಿನ ಪಾಲು ಸೇದದವರದು.

ಪಕ್ಕದ ಅಂಗಡಿಯವರಿಗೂ ಇದೇ ಕಾನೂನು. ಸಾಧ್ಯವಾದರೆ ಅವರ ಜೊತೆ ಕೂತು ಮಾತಾಡಿ ಒಂದೇ ದಿನ ಇಬ್ಬರೂ ಫಲಕ ಹಾಕಿ. ರಸ್ತೆಯ ಎಲ್ಲ ಹೋಟೆಲಿನವರೂ ಒಟ್ಟಿಗೆ ನಿಂತರೆ ಯಾರ ಮೇಲೂ ಮುನಿಸು ಬೀಳುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಹೇಳಿ, ಜಿಲ್ಲಾ ತಂಬಾಕು ನಿಯಂತ್ರಣ ಕೋಶದವರನ್ನು ಕರೆಸಿ.

ಹೇಳುವಾಗ ಒಂದು ವಿಷಯದಲ್ಲಿ ಎಚ್ಚರ ಇರಲಿ. ಕೂಲಿಯವರಿಗೆ ಬೀಡಿ ಬರೀ ಚಟವಲ್ಲ. ರೀಲಿಂಗ್ ಘಟಕದಲ್ಲಿ ಬಿಸಿನೀರಿನ ಹಬೆಯ ಮುಂದೆ ನಿಂತವರಿಗೆ, ಮೂಟೆ ಹೊರುವವರಿಗೆ, ಯಾರೂ ಪ್ರಶ್ನೆ ಮಾಡದ ಬಿಡುವು ಎಂದರೆ ಬೀಡಿ ಹಚ್ಚುವ ಐದು ನಿಮಿಷ. ಬೆಂಕಿ ಕೊಡ್ತೀರಾ ಎಂದು ಕೇಳಿ ಅಪರಿಚಿತರು ಗುರುತಾಗುವುದೂ ಅಲ್ಲೇ. ಅವರನ್ನು ಕೀಳಾಗಿ ಕಂಡರೆ ಅವರು ಬೀಡಿ ಬಿಡುವುದಿಲ್ಲ, ನಿಮ್ಮನ್ನು ಬಿಡುತ್ತಾರೆ. 1,000 ರೂಪಾಯಿ ದಂಡ ಎಂದರೆ ಅವರಿಗೆ ಎರಡು ಮೂರು ದಿನದ ಕೂಲಿ. ದಂಡದ ಬೆದರಿಕೆಯನ್ನು ಬಾಯಿಗೆ ತರಬೇಡಿ, ಅದು ಫಲಕದಲ್ಲಿ ಇದ್ದರೆ ಸಾಕು. ಅವರಿಗೆ ಬೇಕಾದ್ದು ಕೂರಲು ಜಾಗ, ಮಾತಿಗೆ ಜನ, ನೀರು. ಅದನ್ನು ಮೊದಲಿಗಿಂತ ಚೆನ್ನಾಗಿ ಕೊಡಿ, ಹೊಗೆ ಮಾತ್ರ ಆಚೆ.

ಹೇಳುವ ಮಾತು ಇಷ್ಟಿದ್ದರೆ ಸಾಕು: "ಅಣ್ಣ, ಮಗೂಗೆ ಕೆಮ್ಮು, ಡಾಕ್ಟ್ರು ಹೊಗೆ ಆಗಲ್ಲ ಅಂದವ್ರೆ. ಆಚೆ ಹೋಗಿ ಸೇದಿ ಬನ್ನಿ, ನಿಮ್ಮ ಜಾಗ ಹಂಗೇ ಇರ್ತದೆ." ಕಾನೂನು, ಕೋಟ್ಪಾ ಎಂದು ಶುರು ಮಾಡಿದರೆ ವಾದ ಬೆಳೆಯುತ್ತದೆ. ಸೇದುವವರು ಶೀಟು ಬಿಟ್ಟು, ಬಾಗಿಲು ಕಿಟಕಿಯಿಂದ ದೂರ ಬಯಲಿಗೆ ಹೋಗಲಿ. ಅಲ್ಲಿಗೆ ಟೀ ಕಳಿಸಬೇಡಿ, ಬೆಂಚು ಹಾಕಬೇಡಿ. ಹಾಕಿದರೆ ಅದೂ ನಿಮ್ಮ ಹೋಟೆಲೇ ಆಗುತ್ತದೆ, ಹೊಗೆ ಜಾಗ ಬದಲಿಸಿತಷ್ಟೇ. ಗಲ್ಲಾದ ಮೇಲಿನ ಬೆಂಕಿಪೊಟ್ಟಣ ಒಳಗಿಡಿ. ಬೂದಿ ಹಾಕಲು ಇಟ್ಟ ಒಡೆದ ಲೋಟ ಇದ್ದರೆ ಎಸೆಯಿರಿ. ಇಟ್ಟಷ್ಟು ದಿನ ಅದೇ ಅವರಿಗೆ ಕರೆ ಕೊಡುತ್ತಿರುತ್ತದೆ. ಮೊದಲ ಕೆಲವು ವಾರ ಮರೆತು ಹಚ್ಚುವವರು ಇದ್ದೇ ಇರುತ್ತಾರೆ. ಪ್ರತಿ ಸಲವೂ ಹೇಳಬೇಕು, ಒಂದು ದಿನ ಹೇಳಿ ಮರುದಿನ ಬಿಟ್ಟರೆ ಮೊದಲಿನಿಂದ ಶುರು. ಮೇಷ್ಟ್ರು, ಪಂಚಾಯಿತಿ ಸದಸ್ಯರು ಎಂದು ಒಬ್ಬರಿಗೂ ರಿಯಾಯಿತಿ ಕೊಡಬೇಡಿ. ದೊಡ್ಡ ಮನುಷ್ಯರನ್ನು ಬಿಟ್ಟು ಕೂಲಿಯವರಿಗೆ ಮಾತ್ರ ಹೇಳಿದ ದಿನವೇ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ.

ಅದಕ್ಕೇ ತಂದೆಯ ಮಾತು ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕು. ಅವರು ಬೆಂಚಿನ ಮೇಲೆ ಸೇದುತ್ತಿರುವಾಗ ಬೇರೆಯವರಿಗೆ ಹೇಳಲು ನಿಮಗೆ ಬಾಯಿ ಬರುವುದಿಲ್ಲ. ಅವರ ಗೆಳೆಯರ ಎದುರು ಹೇಳಬೇಡಿ, ಹೆಂಡತಿಯಿಂದ ಹೇಳಿಸಬೇಡಿ, ಮಗುವಿನ ಕೈಯಲ್ಲಿ ಬೀಡಿ ಕಿತ್ತುಕೊಳ್ಳಿಸುವ ಆಟವೂ ಬೇಡ. ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ತಂದೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಾಯಲ್ಲಿ ಅವರೇ ಕೇಳಲಿ. ನಾನು ಕಂಡ ಹಿರಿಯರಲ್ಲಿ ಹೆಚ್ಚಿನವರು ತಮ್ಮ ಆರೋಗ್ಯಕ್ಕಾಗಿ ಬಿಡಿ ಎಂದರೆ ನಕ್ಕುಬಿಡುತ್ತಾರೆ, ಮೊಮ್ಮಗಳ ಉಸಿರಿನ ಮಾತು ಬಂದರೆ ಸುಮ್ಮನಾಗುತ್ತಾರೆ. ಆಮೇಲೆ ಮನೆಗೆ ಬಂದು ಇಬ್ಬರೇ ಇದ್ದಾಗ ಅವರಿಗೆ ಒಂದು ಜವಾಬ್ದಾರಿ ಕೊಡಿ: "ಅಪ್ಪಾ, ನಾನು ಹೇಳಿದ್ರೆ ನಿಮ್ಮ ಜೊತೆಯವರು ಕೇಳಲ್ಲ. ನೀವು ಎದ್ದು ಆಚೆ ಹೋದ್ರೆ ಅವ್ರೂ ಬರ್ತಾರೆ." ಅವರ ಹಿರಿತನಕ್ಕೆ ಧಕ್ಕೆ ಬರುವುದಿಲ್ಲ, ಬೆಂಚಿನ ಮೇಲೆ ಕಟ್ಟುಪಾಡು ತಂದವರೂ ಅವರೇ ಆಗುತ್ತಾರೆ.

ಆಚೆ ಹೋಗಿ ಸೇದುವುದು ಮನೆಯವರಿಗೆ ಒಳ್ಳೆಯದು, ಅವರಿಗೆ ಒಳ್ಳೆಯದಾಗಬೇಕಾದರೆ ಬಿಡಲೇಬೇಕು. ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ ಎನ್ನುತ್ತಾರೆ. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 60ರ ವಯಸ್ಸಿನಲ್ಲಿ ಬಿಟ್ಟವರೂ ಸುಮಾರು 3 ವರ್ಷ ಆಯಸ್ಸು ಉಳಿಸಿಕೊಂಡಿದ್ದರು, 40ರಲ್ಲಿ ಬಿಟ್ಟವರು 9 ವರ್ಷ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ರೆಗೇಡು ಜೋರಾಗಿರುತ್ತದೆ, ಕೆಲವು ವಾರಗಳಲ್ಲಿ ತಗ್ಗುತ್ತದೆ. ಆ ದಿನಗಳಲ್ಲಿ ಅವರು ರೇಗಿದರೆ ತಿರುಗಿ ಮಾತಾಡಬೇಡಿ. ಬೀಡಿ ಬಿಟ್ಟು ಹೊಗೆಸೊಪ್ಪಿಗೋ ಗುಟ್ಕಾಕ್ಕೋ ಇಳಿಯದಂತೆ ನೋಡಿಕೊಳ್ಳಿ. ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು, ಆ ಸಮೀಕ್ಷೆಯಲ್ಲಿ ಶೇ 16.3. ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅವರಿಗೆ ಹೃದಯದ ತೊಂದರೆ, ರಕ್ತದೊತ್ತಡ ಇದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ, ದಕ್ಷಿಣದ ಭಾಷೆಗಳವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಮಾತಾಡುತ್ತಾರೆ, ಕನ್ನಡದಲ್ಲೇ ಕೇಳಬಹುದು. ಫೋನಿನಲ್ಲಿ ಮಾತಾಡಲು ಅವರಿಗೆ ಇಷ್ಟವಿಲ್ಲದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಆಪ್ತಸಮಾಲೋಚಕರನ್ನು ವಿಚಾರಿಸಿ. ಮೊದಲ ಸಲ ಹೋಗುವಾಗ ಮಗನಾಗಿ ನೀವೂ ಜೊತೆಗಿರಿ.